ದ್ವೀಪದ ನೀರಿಗೆ ನಾನೆಸೆದ ಕಲ್ಲು

ಯಲಬುರ್ಗಾ ಬಸ್‌ಸ್ಟ್ಯಾಂಡಿಗೆ ಹುಬ್ಬಳ್ಳಿ ಬಸ್ಸು ಬರುವುದರೊಳಗೆ ನಾನು ಪರ್ಮಿಟ್ ಇಟ್ಟಿದ್ದ ಕಿಸೆಯನ್ನು ಎಷ್ಟು ಸಲ ಮುಟ್ಟಿ ನೋಡಿಕೊಂಡೆನೋ ನನಗೇ ಗೊತ್ತಿಲ್ಲ. ಲಕ್ಷದ್ವೀಪ ನಮ್ಮ ದೇಶದೊಳಗೇ ಇದ್ದರೂ ಹೋಗಲು ಪರ್ಮಿಟ್ ಬೇಕು. ಅದು ಕೈಗೆ ಬರುವವರೆಗೆ ಒಂದು ಕಳವಳ, ಬಂದ ಮೇಲೆ ಎಲ್ಲಿ ಕಳೆದೀತೋ ಎಂಬ ಇನ್ನೊಂದು ಕಳವಳ. ನನ್ನ ಜಾಯಮಾನವೇ ಹಾಗೆ. ನಾನು ದುಡಿಯುವ ತಹಶೀಲ್ದಾರ್ ಕಚೇರಿಯಲ್ಲೂ ಮನೆಯಲ್ಲೂ ಕುಂತಲ್ಲಿ ಕೂಡುವವನಲ್ಲ. ನನ್ನ ಹೆಂಡತಿ ನೀಲಾ ಮಾತ್ರ ಜೋಳದ ಕಟಕ ರೊಟ್ಟಿಯ ಗಂಟನ್ನು ತೊಡೆಯ ಮೇಲಿಟ್ಟುಕೊಂಡು, ಕುಷ್ಟಗಿಯ ತಂಗಿಯ ಮನೆಗೆ ಹೊರಟವಳಂತೆ ಆರಾಮಾಗಿ ಕುಂತಿದ್ದಳು.

ಈ ಪ್ರವಾಸ ಅವಳದೇ ಹಟ. ಬೇವೂರಿನ ಹೊಲದ ಬಾವಿಯಲ್ಲಿ ಅವಳಪ್ಪ ಸೊಂಟಕ್ಕೆ ಒಣ ಸೋರೆಬುರುಡೆ ಕಟ್ಟಿ ಅವಳಿಗೆ ಈಜು ಕಲಿಸಿದ್ದರು. ಮದುವೆಯಾಗಿ ಯಲಬುರ್ಗಾಕ್ಕೆ ಬಂದ ಮೇಲೆ ಅವಳು ನೀರಿಗಿಳಿಯಲೇ ಇಲ್ಲ. ನಮ್ಮ ಓಣಿಗೆ ಇರುವುದು ಬೋರ್‌ವೆಲ್ಲು. ಬಾವಿ ಇದ್ದಿದ್ದರೂ, ಸೊಸೆ ಬಾವಿಗೆ ಹಾರಿದಳು ಅಂದರೆ ಜನ ತಿಳಿದುಕೊಳ್ಳುವುದೇ ಬೇರೆ. ಮಗಳ ಮದುವೆ ಮುಗಿದ ಮರುವಾರ ಅವಳು ಬಾಯಿ ಬಿಟ್ಟಳು. "ಸಾಯೂದ್ರೊಳಗ ಒಮ್ಮೆ ಮನಸು ತುಂಬ ಈಜಬೇಕ್ರಿ, ತಿಳಿನೀರಾಗ." ನಾನು ಗೋಕರ್ಣ ಅಂದೆ. ಅವಳು ಫೋನಿನಲ್ಲಿ ದ್ವೀಪದ ಚಿತ್ರ ತೋರಿಸಿದಳು. ಅದೇ ಫೋನಿನಲ್ಲಿ ನಾನು ಶಾರ್ಕ್ ಎಂದು ಹುಡುಕಿದೆ. ಅಂದಿನಿಂದ ನನ್ನ ನಿದ್ದೆ ಹಾರಿತು.

ಕುಕನೂರು, ಗದಗ ದಾಟುವವರೆಗೆ ದಾರಿಯ ಎರಡೂ ಬದಿ ಬಿಳಿಜೋಳದ ತೆನೆ, ಕಡಲೆ. ಅವಳದು ಆಧಾರ್ ತೋರಿಸಿದ ಪುಕ್ಕಟೆ ಟಿಕೆಟ್, ನನ್ನದು ರೊಕ್ಕದ್ದು. ಹುಬ್ಬಳ್ಳಿಯಿಂದ ಬಸ್ಸಿನಲ್ಲಿ ಮಂಗಳೂರು, ಅಲ್ಲಿಂದ ರೈಲಿನಲ್ಲಿ ಎರ್ನಾಕುಲಂ. ಕರಾವಳಿಯ ಸೆಕೆಗೆ ಅಂಗಿ ಬೆನ್ನಿಗೆ ಅಂಟಿತ್ತು. ಅವಳು ಕಿಟಕಿಯಲ್ಲಿ ಹೊಳೆ ಕಂಡಾಗಲೆಲ್ಲ ಎದ್ದು ಕೂಡುತ್ತಿದ್ದಳು, ನಾನು ಶಾರ್ಕುಗಳ ವಿಡಿಯೊ ನೋಡುತ್ತಿದ್ದೆ. ಒಂದನ್ನು ಅವಳ ಮುಂದೆ ಹಿಡಿದೆ. ಅವಳು ಅದರ ಹಲ್ಲು ನೋಡಿ, "ಪಾಪ, ಯಾವಾಗಲೂ ಬಾಯಿ ತಕ್ಕೊಂಡ ಇರ್ತದೇನ್ರಿ? ನಿಮ್ಮಂಗ," ಅಂದಳು. ಎದುರು ಸೀಟಿನವರಿಗೆ ಕನ್ನಡ ಬರದಿದ್ದುದು ನನ್ನ ಪುಣ್ಯ.

ಕೊಚ್ಚಿಯಲ್ಲಿ ಹಡಗು ಹತ್ತಿದೆವು. ಮರುದಿನ ಬೆಳಿಗ್ಗೆ ದ್ವೀಪ ಕಂಡಿತು. ದಡದ ಹತ್ತಿರ ನೀರಿನ ಆಳ ಸಾಲದೆಂದು ಹಡಗು ದೂರದಲ್ಲೇ ನಿಂತು, ಅದರ ಹೊಟ್ಟೆಯ ಬಾಗಿಲಿನಿಂದ ನಮ್ಮನ್ನು ದೋಣಿಗೆ ಇಳಿಸಿದರು. ದೋಣಿ ಮೇಲೆದ್ದಾಗ ಕಾಲಿಡಬೇಕು, ಕೆಳಗಿಳಿದಾಗ ಇಟ್ಟರೆ ಕೆಟ್ಟೆವು. ನೀಲಾ ಹೊಸಿಲು ದಾಟಿದಂತೆ ದಾಟಿದಳು. ನನ್ನನ್ನು ಇಬ್ಬರು ಹಿಡಿದು ಇಳಿಸಿಕೊಂಡರು.

ದ್ವೀಪವೆಂದರೆ ತೆಂಗಿನ ಮರಗಳ ಒಂದು ಉದ್ದನೆ ಪಟ್ಟಿ, ಅಷ್ಟೇ. ಪಡುವಣದ ಬದಿಗೆ ಹವಳದ ಬಂಡೆಸಾಲು ತೆರೆಗಳನ್ನು ತಡೆದು, ಒಳಗೆ ಕೆರೆಯಂತೆ ನೀರು ನಿಲ್ಲಿಸಿದೆ. ಎಂಥ ತಿಳಿ ಅಂದರೆ, ಕೆಳಗೆ ಮೀನಿನ ನೆರಳು ಮರಳಿನ ಮೇಲೆ ಓಡುವುದು ಕಾಣುತ್ತದೆ. ದಡ ಕಾಯುವವರು ಕೋಯಾ ಎಂಬ ನಡುವಯಸ್ಸಿನವರು. ಹಿಂದೆ ಮಂಗಳೂರು ಬಂದರಿನಲ್ಲಿ ದುಡಿದಿದ್ದರಿಂದ ಅವರಿಗೆ ಕನ್ನಡ ಬರುತ್ತಿತ್ತು. ನಾನು ಮೊದಲು ಕೇಳಿದ್ದೇ ಶಾರ್ಕಿನ ಸುದ್ದಿ.

"ಉಂಟು ಮಾರಾಯ್ರೇ. ಒಳಗೆ ಸಣ್ಣವು, ಹೊರಗೆ ದೊಡ್ಡವು," ಅಂದರು. "ನೀವು ಮೀನು ತಿನ್ನುವವರಾ?"

"ಇಲ್ಲ."

"ಹಾಗಾದರೆ ಅವೂ ನಿಮ್ಮನ್ನು ತಿನ್ನುವುದಿಲ್ಲ."

ನಗೆ ಮುಗಿಸಿ ಕಟ್ಟುನಿಟ್ಟು ಹೇಳಿದರು. ಬೆಳಕು ಹರಿಯುವ ಮುಂಚೆ, ಸೂರ್ಯ ಮುಳುಗಿದ ಮೇಲೆ ನೀರಿಗಿಳಿಯಬಾರದು. ಮೀನು ಕೊಯ್ದು ತೊಳೆಯುವ ಕಡೆ ಈಜಬಾರದು. ಮೈಮೇಲೆ ಗಾಯವಿದ್ದರೆ, ಥಳಥಳ ಹೊಳೆಯುವ ಒಡವೆಯಿದ್ದರೆ ಬೇಡ. ನೀರನ್ನು ಬಡಿದು ಸಪ್ಪಳ ಮಾಡಬಾರದು. ಕೊನೆಗೆ ಬಂಡೆಸಾಲಿನಲ್ಲಿ ತೆರೆಯೇಳದ ಒಂದು ಕಂಡಿಯನ್ನು ತೋರಿಸಿದರು. ಇಳಿತದ ಹೊತ್ತಿಗೆ ಒಳಗಿನ ನೀರೆಲ್ಲ ಅಲ್ಲಿಂದಲೇ ಹೊರಗೆ ಓಡುತ್ತದಂತೆ. "ಶಾರ್ಕಿಗಿಂತ ನನಗೆ ಅದರ ಹೆದರಿಕೆ. ಎಳೆದರೆ ಗುದ್ದಾಡಬಾರದು. ಅಂಗಾತ ತೇಲಬೇಕು, ಕೈ ಎತ್ತಬೇಕು. ನಾನು ದೋಣಿ ತರುತ್ತೇನೆ." ನಾನು ಶಾರ್ಕಿನದಷ್ಟೇ ತಲೆಗೆ ಹಾಕಿಕೊಂಡೆ.

ಮೊದಲ ದಿನ ತೇಲುವ ಲೈಫ್ ಜಾಕೆಟ್ ಕಟ್ಟಿಸಿದರು. "ಕೊಳ್ಳಾಗ ಹಗ್ಗ ಹಾಕಿದ ಎಮ್ಮಿ ಆಗೇನಿ," ಎಂದು ನೀಲಾ ಸಿಡಿಮಿಡಿಗೊಂಡಳು. ಕಾಲುಂಗುರಕ್ಕೆ ಬಟ್ಟೆ ಸುತ್ತಿ, ತಾಳಿಯನ್ನು ಒಳಗೆ ಸೇರಿಸಿ ಪಿನ್ನು ಹಾಕಿಕೊಂಡಿದ್ದಳು. ಎರಡನೆಯ ದಿನ ಕೋಯಾ ಅವಳ ಈಜು ನೋಡಿ ಜಾಕೆಟ್ ಬಿಚ್ಚಿಸಿದರು. ತೇಲುಬುಡ್ಡೆಗಳ ಹಗ್ಗ ದಾಟಕೂಡದು, ದಡದಲ್ಲಿ ಮನೆಯವರೊಬ್ಬರು ನೋಡುತ್ತಿರಬೇಕು ಎಂದರು. ಆ ಹುದ್ದೆ ನನಗೆ ಬಂತು. ನನಗಿಂತ ತಕ್ಕವನು ಯಾರಿದ್ದ?

ಅವಳು ಸದ್ದಿಲ್ಲದೆ ನೀರು ಸೀಳಿಕೊಂಡು ಹೋದಳು. ಇಷ್ಟು ವರ್ಷ ನನ್ನ ಜೊತೆ ಬಾಳಿದವಳಿಗೆ ಇಂಥದ್ದೊಂದು ಮೈ ಇತ್ತೆಂಬುದು ನನಗೆ ಗೊತ್ತೇ ಇರಲಿಲ್ಲ. ಹೆಮ್ಮೆಯಾಯಿತು. ಹೊಟ್ಟೆಕಿಚ್ಚೂ ಆಯಿತು. ನಾನು ದಡದ ಗುಂಟ ಅತ್ತಿತ್ತ ಅಡ್ಡಾಡುತ್ತಲೇ ಇದ್ದೆ.

ಮಧ್ಯಾಹ್ನ, ನೀರು ಇಳಿಯುತ್ತಿದ್ದಾಗ, ಅವಳಿಗೂ ದಡಕ್ಕೂ ನಡುವೆ ಒಂದು ಕರಿ ನೆರಳು ಕಂಡಿತು. ದೊಡ್ಡದು. ಅವಳ ಕಡೆಗೇ ಸಾಗಿತ್ತು. ಕೋಯಾ ಅಷ್ಟು ದೂರದಲ್ಲಿ ಯಾರಿಗೋ ಜಾಕೆಟ್ ಕಟ್ಟುತ್ತಿದ್ದರು. ಕೂಗಿದೆ, ಎದುರುಗಾಳಿಗೆ ಕೂಗು ನನ್ನ ಬಾಯಿಗೇ ವಾಪಸು ಬಂತು. ಆಗ ನನಗೆ ನಮ್ಮ ಕಡೆಯ ಬಾವಿ ನೆನಪಾಯಿತು. ಈಜುವವರ ಹತ್ತಿರ ನೀರುಹಾವು ಬಂದರೆ ಮೇಲೆ ನಿಂತವರು ಕಲ್ಲು ಹೊಡೆದು ಓಡಿಸುತ್ತಾರೆ. ದಡದ ತುಂಬ ಹವಳದ ಕಲ್ಲು ಬಿದ್ದಿದ್ದವು. ಕೈಗೆ ಸಿಕ್ಕದ್ದನ್ನು ಎತ್ತಿ ಆ ನೆರಳಿನ ಮೇಲೆ ಬೀಸಿ ಬೀಸಿ ಒಗೆದೆ. ಸಪ್ಪಳ ಮಾಡಬೇಡಿ ಅಂದಿದ್ದನ್ನು ಮರೆತೇಬಿಟ್ಟೆ.

ನೀಲಾ ತಿರುಗಿ ನೋಡಿದಳು. ದಡಕ್ಕೆ ಬರುತ್ತಾಳೆಂದುಕೊಂಡೆ. ಅವಳು ಬೆನ್ನು ತಿರುಗಿಸಿ ಸಮುದ್ರದ ಕಡೆಗೆ ಈಜತೊಡಗಿದಳು! ನಾನು ಇನ್ನಷ್ಟು ಒಗೆದೆ. ಅವಳು ಇನ್ನಷ್ಟು ಜೋರಾಗಿ ಹೋದಳು. ಹಗ್ಗದ ಕೆಳಗೆ ನುಸುಳಿದಳು. ಆಮೇಲೆ ಅವಳ ಕೈ ಆಡುವುದು ನಿಂತಿತು, ಆದರೂ ದೂರ ಸರಿಯುತ್ತಲೇ ಇದ್ದಳು. ಕಂಡಿಯ ಸೆಳೆತಕ್ಕೆ ಸಿಕ್ಕಿದ್ದಳು.

ಆಮೇಲಿನದು ನನಗೆ ತುಂಡುತುಂಡಾಗಿ ನೆನಪಿದೆ. "ಕೋಯಾ!" ಎಂದು ಚೀರಿದೆ. ಚಪ್ಪಲಿಯ ಸಮೇತ ನೀರಿಗೆ ನುಗ್ಗಿದೆ. ಮೊಣಕಾಲು, ಸೊಂಟ, ಎದೆ. ಬಾಯಿಗೆ ಉಪ್ಪು ಬಂತು. ದೂರದಲ್ಲಿ ಅವಳ ಕೈ ಮೇಲೆದ್ದಿತು. ಮುಳುಗಿದಳೆಂದೇ ತಿಳಿದೆ. ಅಷ್ಟರಲ್ಲಿ ಕೋಯಾ ಅವರ ದೋಣಿ ನನ್ನ ಪಕ್ಕದಿಂದಲೇ ಗುಡುಗಿಕೊಂಡು ಹೋಯಿತು, ಯಾರೋ ನನ್ನ ಕಾಲರ್ ಹಿಡಿದು ಹಿಂದಕ್ಕೆ ಎಳೆದರು.

ಅವಳನ್ನು ಕರೆತಂದಾಗ ನಾನು ಮರಳಿನ ಮೇಲೆ ಕುಂತು ಎಲ್ಲರೆದುರು ಅತ್ತೆ. ಅವಳು ವೇಲಿಲ್ಲದ ಒದ್ದೆ ಚೂಡಿದಾರದಲ್ಲಿ ನಿಂತು, "ಏಳ್ರಿ, ಮಂದಿ ನೋಡಾಕತ್ತಾರ," ಅಂದಳು. ಕೋಯಾ ಮಾತ್ರ ಕೆಂಡವಾಗಿದ್ದರು. "ಕಲ್ಲು ಯಾಕೆ ಹಾಕಿದ್ದು ಮಾರಾಯ್ರೇ?"

"ಶಾರ್ಕ್..."

"ಆಮೆ ಅದು! ಹುಲ್ಲು ಮೇಯುವ ಆಮೆ. ಕಲ್ಲಿಗೆ ಅದೂ ಓಡಿತು, ನಿಮ್ಮ ಹೆಂಡತಿಯೂ ಓಡಿದರು."

ಸಂಜೆ ಚಹಾ ಕುಡಿಯುತ್ತ ಅವಳನ್ನು ಕೇಳಿದೆ, ಕಲ್ಲು ಬಿದ್ದ ಮೇಲೂ ಆ ಕಡೆ ಯಾಕೆ ಹೋದೆ ಎಂದು.

"ಕಲ್ಲು ಬಿದ್ದದ್ದಕ್ಕ ಹೋದೆ. ಬಾವ್ಯಾಗ ಕಲ್ಲು ಯಾ ಕಡಿ ಬೀಳತಾವ, ಹಾವು ಆ ಕಡಿ ಐತಿ ಅಂತ. ಈಜಾವ್ರು ಎದುರಿನ ದಂಡಿಗೆ ಹೋಗಬೇಕು. ನೀವು ನನ್ನ ಈಚಿಕಡಿ ಒಗದ್ರಿ, ನಾ ಆಚಿಕಡಿ ಹೋದೆ. ನೀರಿಗೆ ಬಿದ್ದಾಕಿಗೆ ತಲಿ ಎಲ್ಲಿ ಓಡತೈತ್ರಿ?" ಎಂದು ನಕ್ಕಳು. "ಬಾವಿಗೆ ಆಚಿ ದಂಡಿ ಇರತೈತಿ, ಸಮುದ್ರಕ್ಕ ಎಲ್ಲಿಂದ ತರೂದು?"

ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದಂತಾಗಿತ್ತು ನನ್ನ ಕಾವಲು. ಮೂರನೆಯ ದಿನವೂ ಅವಳು ನೀರಿಗಿಳಿದಳು. ಕೋಯಾ ನನ್ನನ್ನು ದೂರದ ತೆಂಗಿನಮರದ ಕೆಳಗೆ ಕೂಡಿಸಿ, ತಮ್ಮ ಅಕ್ಕನನ್ನು ದಡದಲ್ಲಿ ನಿಲ್ಲಿಸಿದರು. ನನ್ನ ಸುತ್ತಮುತ್ತ ಒಂದೂ ಕಲ್ಲಿರಲಿಲ್ಲ. ಆರಿಸಿ ತೆಗೆಸಿದ್ದರೆಂದು ಕಾಣುತ್ತದೆ.

ಹಿಂದಿರುಗುವ ಹಡಗಿನ ಕಟಕಟೆ ಹಿಡಿದು ನಿಂತಾಗ ದ್ವೀಪ ತೆಳ್ಳಗೆ ಹಸಿರು ಗೆರೆಯಾಗಿತ್ತು. ಬಂಡೆಸಾಲಿನ ಬಿಳಿ ನೊರೆಯ ನಡುವೆ ಆ ಕಂಡಿ ಇನ್ನೂ ಕಾಣುತ್ತಿತ್ತು. ಕೇಳಬಾರದೆಂದುಕೊಂಡರೂ ನನ್ನ ನಾಲಿಗೆ ಸುಮ್ಮನಿರಲಿಲ್ಲ. "ಅಲ್ಲಿ ಸಿಕ್ಕೊಂಡಾಗ ಭಾಳ ಅಂಜಿದೇನು?"

"ಮೊದಲ ಅಂಜಿಕಿ ಬಂತು. ಆಮ್ಯಾಲೆ ಕೋಯಾ ಅಣ್ಣಾರು ಹೇಳಿದಂಗ ಅಂಗಾತ ಆದೆ. ಕಿವಿ ನೀರಾಗ ಮುಳುಗಿದ್ವು. ಒಂದು ಸಪ್ಪಳಿಲ್ಲ, ಯಾರೂ ಕರಿಯಾವ್ರಿಲ್ಲ." ಅವಳು ನನ್ನ ಕಡೆ ನೋಡದೆ ಹೇಳುತ್ತಿದ್ದಳು. "ಸುಳ್ಳು ಯಾಕ ಹೇಳ್ಲಿ? ಇನ್ನೊಂದೀಟು ಹೊತ್ತು ಹಂಗ ಇರೂಣು ಅನಿಸಿತ್ತು."

ಆ ಮಾತು ನನಗೆ ನಾಟಿತು. ಮನೆಯಲ್ಲಿ ದಿನಕ್ಕೆ ಎಷ್ಟು ಸಲ ಅವಳ ಹೆಸರು ಕೂಗುತ್ತೇನೆ ಎಂದು ಲೆಕ್ಕ ಹಾಕತೊಡಗಿದೆ. ಆಮೇಲೆ ತಡೆಯದೆ ಕೇಳಿದೆ.

"ಮತ್ತ ಕೈ ಯಾಕ ಎತ್ತಿದಿ?"

"ತಲಿ ಎತ್ತಿ ನೋಡಿದ್ರ ನೀವು ಎದಿಮಟ ನೀರಾಗ ಇದ್ರಿ," ಅಂದಳು. "ನಿಮಗ ಈಜಾಕ ಬರಂಗಿಲ್ಲಲ್ರಿ."