ಒಂದು ಕಟರ್ ಕಡಿಮೆ

ಸೌದಿಯ ಜುಬೈಲಿನ ನಮ್ಮ ಕಂಪೆನಿಯಲ್ಲಿ ಕೆಲಸ ಬಿಟ್ಟು ಹೋಗುವವನು ಕ್ಲಿಯರೆನ್ಸ್ ಫಾರಂ ಹಿಡಿದು ಪ್ರತಿ ವಿಭಾಗದ ಸಹಿ ಪಡೆಯಬೇಕು. ಕೊನೆಯ ಸಹಿ ಸ್ಟೋರಿನದು, ಅಂದರೆ ನನ್ನದು. ಕೊಟ್ಟ ಸಾಮಾನೆಲ್ಲ ವಾಪಸು ಬಂದಿದೆ ಎಂದು ನಾನು ಬರೆಯದೆ ಫೈನಲ್ ಎಕ್ಸಿಟ್, ಅಂದರೆ ದೇಶ ಬಿಡುವ ಪರವಾನಗಿ, ಆಗುವುದಿಲ್ಲ.

ಬರ್ಮಾದ ಆ ಯುವಕ ಪೇಂಟಿಂಗ್ ವಿಭಾಗದಲ್ಲಿದ್ದ. ಪ್ಲಾಸ್ಟಿಕ್ ಹಾಳೆಯಲ್ಲಿ ಕಟರಿನಿಂದ ಅಕ್ಷರ ಕೊರೆದು ಟ್ಯಾಂಕುಗಳ ಮೇಲೆ ನಂಬರು ಮೂಡಿಸುವುದು ಅವನ ಕೆಲಸ. ಊರಿನಲ್ಲಿ ಅವನು ಚಿತ್ರಕಾರ. ಸೈನ್ಯ ಅಧಿಕಾರ ಹಿಡಿದಾಗ ಅವನೂ ಗೆಳೆಯರೂ ರಸ್ತೆಗಿಳಿದು ಚಿತ್ರ ಬರೆದು, ಹಾಡು ಹೇಳಿ ಪ್ರತಿಭಟಿಸಿದ್ದರು. ಒಬ್ಬ ಗೆಳತಿ ಗೋಡೆಗೆ ಬಣ್ಣ ಹಚ್ಚುತ್ತಿದ್ದಾಗಲೇ ಗುಂಡು ತಗಲಿ ಸತ್ತಳು. ಉಳಿದವರು ಕಾಡು ಸೇರಿ ಬಂದೂಕು ಹಿಡಿದರು. ಇವನು ಮಾತ್ರ ತಾಯಿಯ ಒತ್ತಾಯಕ್ಕೆ ಇಲ್ಲಿಗೆ ಬಂದ. ಇದನ್ನೆಲ್ಲ ಊಟದ ಹೊತ್ತಿನಲ್ಲಿ, ಕ್ಯಾಂಪಿನಲ್ಲಿ ಕಲಿತ ಹಿಂದಿಯಲ್ಲಿ, ತುಂಡುತುಂಡಾಗಿ ಹೇಳಿದ್ದ.

ಒಂದು ಬೆಳಿಗ್ಗೆ ಫಾರಂ ತಂದಿಟ್ಟು, ತಾಯಿ ತೀರಿಕೊಂಡಳು, ನಾನೂ ಕಾಡಿಗೆ ಹೋಗುತ್ತೇನೆ ಎಂದ. ಬಂದೂಕೆಂದರೆ ನನಗೆ ಭಯ. ಅವನು ಒಪ್ಪಿಸಿದ ಮೂರು ಕಟರುಗಳಲ್ಲಿ ಒಂದನ್ನು, ಅವನು ಅತ್ತ ತಿರುಗಿದಾಗ ಡ್ರಾಯರಿಗೆ ಹಾಕಿದೆ. ಒಂದು ಕಡಿಮೆಯಿದೆ, ಹುಡುಕಿ ತಾ ಎಂದೆ. ಕೆಲವು ದಿನ ತಡವಾದರೆ ಮನಸ್ಸು ಬದಲಾದೀತು ಎಂದುಕೊಂಡಿದ್ದೆ.

ನಾಲ್ಕು ದಿನ ಅವನು ಪೇಂಟ್ ಡಬ್ಬಿಗಳನ್ನೆಲ್ಲ ಸರಿಸಿ ಹುಡುಕಿದ. ಮಂಗಳೂರು ಕಡೆಯ ನಮ್ಮ ಫೋರ್‌ಮನ್‌ಗೆ ತಡೆಯಲಾಗಲಿಲ್ಲ.

“ಎಂತ ಮಾರಾಯ, ಹೋದ ವರ್ಷ ಇಡೀ ಏಣಿಯೇ ಕಾಣದಾಗ ಬಾಯಿ ಮುಚ್ಚಿ ಸಹಿ ಹಾಕಿದ್ದಿ. ಈಗ ಒಂದು ಕಟರಿಗೆ ಇಷ್ಟು ರಗಳೆಯಾ?”

ಐದನೆಯ ದಿನ ಆ ಯುವಕ ಪೇಟೆಯಿಂದ ಹೊಸ ಕಟರ್ ತಂದು ಮೇಜಿನ ಮೇಲಿಟ್ಟ.

“ಭಾಯ್, ನೀವು ತೆಗೆದಿಟ್ಟದ್ದು ಮೊದಲ ದಿನವೇ ಗೊತ್ತಾಗಿತ್ತು. ನಿಮಗೆ ನಾಚಿಕೆಯಾಗಬಾರದು ಅಂತ ಹುಡುಕಿದೆ.”

ನಿನ್ನದು ಚಿತ್ರ ಬರೆಯುವ ಕೈ, ಬಂದೂಕು ಯಾಕೆ ಎಂದು ಕೇಳಿದೆ.

“ಆ ಗೆಳತಿಯ ಕೈಯಲ್ಲಿ ಬ್ರಶ್ ಮಾತ್ರ ಇತ್ತು,” ಎಂದ. ದನಿ ಏರಿಸಲಿಲ್ಲ.

ಡ್ರಾಯರ್ ತೆರೆದು ಕಟರನ್ನು ಅವನ ಕಣ್ಣೆದುರೇ ಹೊರಗಿಟ್ಟೆ. ಫಾರಮ್ಮಿಗೆ ಸಹಿ ಹಾಕಿದೆ. ಅವನು ಅದನ್ನು ಎರಡು ಸಲ ಓದಿ, ಮಡಚಿ ಜೇಬಿಗಿಟ್ಟು, ಆಫೀಸಿನ ಕಡೆ ನಡೆದ. ಅವನ ಸುದ್ದಿ ಮತ್ತೆ ಬಂದಿಲ್ಲ.

ಬಂದೂಕಿನ ಭಯ ನನಗೆ ಇವತ್ತಿಗೂ ಹೋಗಿಲ್ಲ. ಅವನನ್ನು ನೀನೇ ಕಳಿಸಿದೆ ಎಂದು ಕ್ಯಾಂಪಿನಲ್ಲಿ ಕೆಲವರು ಅನ್ನುತ್ತಾರೆ. ಸಹಿ ನನ್ನದೇ. ಯಾರು ಕೇಳಿದರೂ ನನ್ನದೇ ಎನ್ನುತ್ತೇನೆ.