ತಗ್ಗುತ್ತಾ ಬಂದ ಮನೆ

ನಮ್ಮ ಮನೆಯ ಹಿತ್ತಿಲ ಬಾಗಿಲನ್ನು ಮುಚ್ಚಬೇಕಾದರೆ ಮೊದಲು ಸ್ವಲ್ಪ ಎತ್ತಬೇಕು, ಆಮೇಲೆ ಮೊಣಕಾಲಿನಿಂದ ಒಂದು ಗುದ್ದು ಕೊಡಬೇಕು. ಮದುವೆಯಾಗಿ ಬಂದಾಗಿನಿಂದ ನಾನು ಹೀಗೇ ಮುಚ್ಚುತ್ತಿದ್ದೇನೆ. ನನ್ನನ್ನು ಕಟ್ಟಿಕೊಂಡವರು ಬಡಗಿ. ಕೇಳಿದಾಗಲೆಲ್ಲ "ನಾಳೆ ನೋಡ್ತೀನಿ ಕಣೇ" ಎನ್ನುತ್ತಾರೆ. ಸುಳ್ಳು ಹೇಳುವ ಮನುಷ್ಯರಲ್ಲ, ಮರುದಿನ ನೋಡುತ್ತಾರೆ ಕೂಡ. ನೋಡಿ, "ಹೌದು, ಇಳಿದಿದೆ" ಎಂದು ಹೇಳಿ, ಹತಾರಗಳ ಚೀಲ ಹೆಗಲಿಗೆ ಹಾಕಿಕೊಂಡು ಕೆರೆಮನೆಗೆ ಹೋಗುತ್ತಾರೆ.

ಕೆರೆಮನೆ ನಮ್ಮದಲ್ಲ, ಜಡ್ಜಮ್ಮನದು. ಕೆರೆಯ ದಂಡೆಯಲ್ಲಿರುವ ಇಂಥ ಮನೆಗಳಿಗೆಲ್ಲ ಬೇಸಿಗೆಯಲ್ಲಿ ಮಾತ್ರ ಜೀವ. ಚಳಿ ಬೀಳುವ ಮೊದಲು ಪೈಪುಗಳ ನೀರು ಬಸಿದು, ಕಿಟಕಿಗಳಿಗೆ ಹಲಗೆ ಬಡಿದು, ಬೀಗ ಜಡಿದು ಹೋದರೆ ಮತ್ತೆ ತೆರೆಯುವುದು ಬಿಸಿಲು ಕಾಯತೊಡಗಿದ ಮೇಲೆಯೇ. ತೆರೆಯುವ ಕೆಲಸ ನಮ್ಮಿಬ್ಬರದು. ಹಲಗೆ ಕೀಳುವುದು, ನೀರು ಬಿಡುವುದು, ದೋಣಿಯ ಬಿರುಕು ಮುಚ್ಚುವುದು ಇವರ ಪಾಲು. ಕಿಟಕಿಯ ಬುಡದಲ್ಲಿ ರಾಶಿ ಬಿದ್ದ ಸತ್ತ ನೊಣಗಳನ್ನು ಗುಡಿಸುವುದು, ಇಲಿಗಳು ಚಳಿಗಾಲವಿಡೀ ಸಂಸಾರ ಹೂಡಿದ್ದ ಹಾಸಿಗೆಯನ್ನು ಒದರಿ ಬಿಸಿಲಿಗೆ ಹಾಕುವುದು, ಪಾತ್ರೆಗಳನ್ನೆಲ್ಲ ಇಳಿಸಿ ತೊಳೆಯುವುದು ನನ್ನ ಪಾಲು. ಬೀಗ ತೆಗೆದ ಕೂಡಲೇ ಮೂಗಿಗೆ ಹೊಡೆಯುವ ಮುಗ್ಗಲು ವಾಸನೆಯನ್ನು ಇವರು ಎದೆತುಂಬ ಎಳೆದುಕೊಂಡು "ಆಹಾ" ಎನ್ನುತ್ತಾರೆ. ನನಗೆ ಸೀನು ಬರುತ್ತದೆ.

ಜಡ್ಜಮ್ಮ ನಿಜವಾಗಿಯೂ ಜಡ್ಜ್ ಆಗಿದ್ದವರು. ಕೋರ್ಟು ಅವರನ್ನು ಬಿಟ್ಟು ಬಹಳ ಕಾಲವಾಯಿತು, ತೀರ್ಪು ಕೊಡುವುದನ್ನು ಮಾತ್ರ ಅವರು ಬಿಟ್ಟಿಲ್ಲ. ಚಹಾ ತಣ್ಣಗಾಗಿದೆ ಎನ್ನುವುದನ್ನೂ ಮೇಲ್ಮನವಿಗೆ ಅವಕಾಶವೇ ಇಲ್ಲದ ಹಾಗೆ ಹೇಳುತ್ತಾರೆ. ಮದುವೆ ಮಾಡಿಕೊಳ್ಳಲಿಲ್ಲ, ಯಾರ ಹಂಗಿಗೂ ಬೀಳಲಿಲ್ಲ. ಒಮ್ಮೆ ದೋಣಿಯಿಂದ ಇಳಿಯುವಾಗ ಪಕ್ಕದ ಮನೆಯ ಯಜಮಾನರು ಮರ್ಯಾದೆಗೆಂದು ಕೈ ಚಾಚಿದ್ದಕ್ಕೆ, "ನಾನೇನಾದ್ರೂ ಕೇಳಿದ್ನಾ?" ಎಂದುಬಿಟ್ಟರು. ಆ ಪುಣ್ಯಾತ್ಮರು ಆಮೇಲೆ ಈ ಕಡೆ ದೋಣಿಯನ್ನೇ ತರಲಿಲ್ಲ.

ಎಲ್ಲ ಶುರುವಾದದ್ದು ಒಂದು ಮೊಳೆಯಿಂದ. ಒಂದು ಬೇಸಿಗೆಯಲ್ಲಿ ಜಡ್ಜಮ್ಮ ಬಚ್ಚಲ ಬಾಗಿಲ ಹಿಂದಿನ ಮೊಳೆಗೆ ಟವೆಲು ಸಿಕ್ಕಿಸಲು ತುದಿಗಾಲಲ್ಲಿ ನಿಂತರು, ಎಟುಕಲಿಲ್ಲ, ಅತ್ತಿತ್ತ ನೋಡಿ ಟವೆಲನ್ನು ಕುರ್ಚಿಗೆ ಹಾಕಿದರು. ಯಾರೂ ನೋಡಲಿಲ್ಲ ಎಂದು ಅವರು ತಿಳಿದರು. ಇವರು ನೋಡಿದ್ದರು. ಮುಂದಿನ ವರ್ಷ ಮನೆ ತೆರೆದಾಗ ಆ ಮೊಳೆಯನ್ನು ಕಿತ್ತು ಒಂದು ಗೇಣು ಕೆಳಗೆ ಹೊಡೆದರು. ಹಳೆಯ ತೂತು ಕಾಣಬಾರದೆಂದು ಮೇಣ ತುಂಬಿದರು. ಮೇಣ ಕಾಣಬಾರದೆಂದು ಬಾಗಿಲಿಗೆ ಬಣ್ಣ ಬಳಿದರು. ಬಾಗಿಲು ಹೊಸದಾಗಿ ಕಂಡಿತೆಂದು ಗೋಡೆಗೂ ಬಳಿದರು. ಒಂದು ಮೊಳೆಯ ದೆಸೆಯಿಂದ ಇಡೀ ಬಚ್ಚಲು ಬಣ್ಣ ಕಂಡಿತು. ಜಡ್ಜಮ್ಮ ಬಂದರು, ಟವೆಲು ಸಿಕ್ಕಿಸಿದರು, ತುಟಿ ಪಿಟಕ್ಕೆನ್ನಲಿಲ್ಲ.

ಅಲ್ಲಿಂದ ಇವರಿಗೆ ಅದೊಂದು ಹುಚ್ಚೇ ಹಿಡಿಯಿತು. ಬೇಸಿಗೆಯಿಡೀ ಮೈಯೆಲ್ಲ ಕಣ್ಣಾಗಿರುವುದು, ಅಮ್ಮನಿಗೆ ಎಲ್ಲಿ ತಡೆಯುತ್ತಿದೆ ಎಂದು ನೋಡಿಟ್ಟುಕೊಳ್ಳುವುದು, ಮುಂದಿನ ಸಲ ಮನೆ ತೆರೆಯುವಾಗ ಅದನ್ನು ಸದ್ದಿಲ್ಲದೆ ಸರಿಮಾಡುವುದು. ಸಕ್ಕರೆ ಡಬ್ಬ ಇಡುವ ಹಲಗೆ ಕೆಳಗಿಳಿಯಿತು. ಕಿಟಕಿಯ ಚಿಲಕ ಕೆಳಗಿಳಿಯಿತು. ಗೋಡೆ ಗಡಿಯಾರವೂ ಇಳಿದು ಈಗ ನನ್ನ ಗಲ್ಲದ ಮಟ್ಟಕ್ಕಿದೆ. ಏರಿದ್ದೆಂದರೆ ಮಂಚ ಮತ್ತು ಕುರ್ಚಿ ಮಾತ್ರ, ತಗ್ಗಿನಿಂದ ಏಳುವುದು ಮುದುಕರಿಗೆ ಕಷ್ಟ ಎಂದು ಅವುಗಳ ಕಾಲಿಗೆ ಮರದ ತುಂಡು ಕೂರಿಸಿ ಅದೇ ಬಣ್ಣ ಬಳಿದರು. ಈಗ ಆ ಕುರ್ಚಿಯಲ್ಲಿ ಕೂತರೆ ನನ್ನ ಕಾಲು ನೆಲಕ್ಕೆ ತಾಗುವುದಿಲ್ಲ, ಅಂಗಡಿಯ ಗಲ್ಲಾಪೆಟ್ಟಿಗೆಯ ಮೇಲೆ ಕೂರಿಸಿದ ಮಗುವಿನ ಹಾಗೆ ಕಾಲಾಡಿಸುತ್ತಾ ಕೂರಬೇಕು.

ಪ್ರತಿ ವರ್ಷ ಬಂದ ಮೊದಲ ದಿನ ಜಡ್ಜಮ್ಮ ಒಂದೇ ತೀರ್ಪು ಕೊಡುತ್ತಿದ್ದರು: "ಈ ಮನೆಗೆ ಬಂದ್ರೆ ನನಗೆ ವಯಸ್ಸೇ ಗೊತ್ತಾಗಲ್ಲ ನೋಡು. ವಯಸ್ಸಾಗ್ತಿರೋದೆಲ್ಲ ಆ ಪಟ್ಟಣದ ಮನೇಲಿ."

ಇವರು ನೆಲ ನೋಡುತ್ತಾ "ಇಲ್ಲಿಯ ಗಾಳಿ ಅಮ್ಮಾ" ಎನ್ನುತ್ತಿದ್ದರು. ಗಾಳಿಯ ಕೈಯಲ್ಲಿ ಸುತ್ತಿಗೆ ಇತ್ತೆಂದು ನಾನು ಹೇಳಲಿಲ್ಲ.

ನನಗೆ ಹೊಟ್ಟೆಕಿಚ್ಚು ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ನನ್ನ ಸೊಂಟಕ್ಕೂ ವಯಸ್ಸಾಗಿದೆ, ಅದನ್ನು ಯಾರೂ ನೋಡಿಟ್ಟುಕೊಂಡಿಲ್ಲ. ಒಮ್ಮೆ ತಡೆಯಲಾರದೆ ಕೇಳಿಯೇಬಿಟ್ಟೆ, "ಅಲ್ಲ ರೀ, ಹೇಳಿಯೇ ಮಾಡಬಹುದಲ್ಲ?"

"ಹೇಳಿದ್ರೆ ಬೇಡ ಅಂತಾರೆ."

"ಹೇಳದೆ ಮಾಡಿದ್ದು ಗೊತ್ತಾದ್ರೆ?"

"ಗೊತ್ತಾದ್ರೆ ಅವರು ಈ ಕಡೆ ಮತ್ತೆ ಕಾಲಿಡಲ್ಲ" ಎಂದರು. ಹೇಳಿದ ಮೇಲೆ ಇವರ ಮುಖ ಸಣ್ಣದಾಯಿತು. ನಮಗೆ ಮಕ್ಕಳಿಲ್ಲ, ಇವರ ತಾಯಿ ಇವರು ಚಿಕ್ಕವರಿದ್ದಾಗಲೇ ಹೋದವರು. ಜಡ್ಜಮ್ಮ ಬರುವ ದಿನ ಇವರು ಬೆಳಗಿನಿಂದ ಮೂರು ಸಲ ಅಂಗಿ ಬದಲಿಸುವುದನ್ನು ನಾನು ಕಂಡಿದ್ದೇನೆ. ಹಾಗಾಗಿ ನನ್ನ ಹೊಟ್ಟೆಕಿಚ್ಚನ್ನು ನಾನೇ ಹೊಟ್ಟೆಗೆ ಹಾಕಿಕೊಂಡು ಬಣ್ಣದ ಡಬ್ಬ ಹಿಡಿದು ನಿಂತೆ.

ಈ ವರ್ಷ ಹಲಗೆ ಕೀಳುವ ಮೊದಲೇ ಫೋನು ಬಂತು. ಮಾಡಿದವರು ಜಡ್ಜಮ್ಮನ ತಮ್ಮನ ಮಗ, ಹಲ್ಲಿನ ಡಾಕ್ಟರು. ಒಳ್ಳೆಯವರೇ, ಆದರೆ ಪ್ರಶ್ನೆ ಕೇಳಿ ಉತ್ತರಕ್ಕೆ ಕಾಯುವುದಿಲ್ಲ. ಎದುರಿಗಿರುವವರು ಬಾಯಿ ತೆರೆದುಕೊಂಡು ಮಾತಾಡಲಾಗದೆ ಮಲಗಿರುವುದು ಅವರಿಗೆ ಅಭ್ಯಾಸ. ಅತ್ತೆ ಚಳಿಗಾಲದಲ್ಲಿ ಬಿದ್ದರು, ಮೂಳೆ ಮುರಿಯಲಿಲ್ಲ, ಇನ್ನು ಒಬ್ಬರೇ ಅಷ್ಟು ದೂರ ಇರುವುದು ಬೇಡ ಎಂದರೆ ಕಿವಿ ಮೇಲೆ ಹಾಕಿಕೊಳ್ಳುತ್ತಿಲ್ಲ ಎಂದರು. ಕೊನೆಗೆ ಇಬ್ಬರ ನಡುವೆ ಒಂದು ಒಪ್ಪಂದವಾಗಿತ್ತು. ಕಾರಿನಿಂದ ಇಳಿದು ಜಗಲಿಯವರೆಗೆ ಯಾರ ಕೈಯನ್ನೂ ಹಿಡಿಯದೆ ಜಡ್ಜಮ್ಮ ಹತ್ತಬೇಕು. ಹತ್ತಿದರೆ ಬೇಸಿಗೆಯಿಡೀ ಇಲ್ಲಿರಬಹುದು. ಇಲ್ಲವಾದರೆ ಅದೇ ಕಾರಿನಲ್ಲಿ ವಾಪಸು, ಆಮೇಲೆ ಮನೆ ಮಾರಾಟಕ್ಕೆ.

ಇವರು ಫೋನು ಇಟ್ಟು ನೇರ ಕೆರೆಮನೆಗೆ ಹೋಗಿ ಜಗಲಿಗೆ ಹತ್ತುವ ಮೆಟ್ಟಿಲುಗಳ ಮುಂದೆ ನಿಂತರು. ಜಡ್ಜಮ್ಮನ ತಂದೆಯ ಕಾಲದ ಕಲ್ಲಿನ ಮೆಟ್ಟಿಲು ಅವು. ಆ ಕಾಲದವರಿಗೆ ಮೊಣಕಾಲೇ ಇರಲಿಲ್ಲವೋ ಏನೋ, ಒಂದೊಂದೂ ಅಷ್ಟು ಎತ್ತರ. ಇವರು ಬಹಳ ಹೊತ್ತು ನಿಂತು ತಲೆ ಕೆರೆದುಕೊಂಡರು. ಆಮೇಲೆ ಹಾರೆ ತಂದರು.

ಆ ಕೆಲಸದ ಬಗ್ಗೆ ನನ್ನ ಸೊಂಟವನ್ನು ಕೇಳಬೇಕು. ಕಲ್ಲುಗಳನ್ನೆಲ್ಲ ಎಬ್ಬಿಸಿ, ಮಣ್ಣು ಕಡಿದು, ಒಂದೊಂದನ್ನೂ ಅರ್ಧ ಹೂತು ಮತ್ತೆ ಕೂರಿಸಿದೆವು. ಎತ್ತರ ಕಡಿಮೆಯಾದ ಮೇಲೆ ಮೆಟ್ಟಿಲು ಹೆಚ್ಚಾಗಲೇಬೇಕಲ್ಲ, ದಂಡೆಯಿಂದ ಹೊಂದುವ ಕಲ್ಲು ಹುಡುಕಿ ತಂದೆವು. ಮೊದಲು ಮೆಟ್ಟಿಲು ಮುಗಿದು ಸಮ ನೆಲ ಬರುತ್ತಿದ್ದ ಜಾಗದಲ್ಲಿ ಈಗ ಇನ್ನೂ ಒಂದು ಮೆಟ್ಟಿಲು ಬಂತು. ಎಲ್ಲ ಮುಗಿದ ಮೇಲೆ ಇವರು, ಮೊದಲೇ ಕಂಬಳಿಯ ಹಾಗೆ ಎತ್ತಿಟ್ಟಿದ್ದ ಪಾಚಿಯನ್ನು ಕಲ್ಲುಗಳ ಬದಿಗೆ ಮತ್ತೆ ಹೊದಿಸಿ ನೀರು ಚಿಮುಕಿಸಿದರು. ಹೊಸ ಮೆಟ್ಟಿಲು ಹಳೆಯದರ ಹಾಗೇ ಕಂಡಿತು. ನಾವಿಬ್ಬರೂ ಹತ್ತಿ ಇಳಿದು, ಹತ್ತಿ ಇಳಿದು ನೋಡಿದೆವು. ನನಗೂ ವಯಸ್ಸು ಕಡಿಮೆಯಾದಂತೆ ಅನಿಸಿತು, ಸುಳ್ಳೇಕೆ ಹೇಳಲಿ.

ಬಂದದ್ದು ಒಂದು ಮಧ್ಯಾಹ್ನ. ಜಡ್ಜಮ್ಮ ಕಾರಿನಿಂದ ಇಳಿದರು. ಆಕಾಶದಲ್ಲಿ ಒಂದು ಚೂರು ಮೋಡವಿಲ್ಲ, ಅವರ ಕೈಯಲ್ಲಿ ಛತ್ರಿ. "ಮಳೆ ಬರಬಹುದು" ಎಂದರು. ಯಾರೂ ವಾದಕ್ಕೆ ಹೋಗಲಿಲ್ಲ. ಚಳಿಗಾಲದಲ್ಲಿ ಅವರು ಅರ್ಧದಷ್ಟಾಗಿದ್ದರು. ಡಾಕ್ಟರು ಕೈ ಕಟ್ಟಿಕೊಂಡು ಕಾರಿಗೆ ಒರಗಿ ನಿಂತರು. ನಾವಿಬ್ಬರೂ ಮೇಲೆ ಜಗಲಿಯಲ್ಲಿ.

ಅವರು ಹತ್ತತೊಡಗಿದರು. ನೆಲ ನೋಡದೆ, ಎಂದಿನಂತೆ ತಲೆಯೆತ್ತಿ, ಛತ್ರಿಯೂರಿ, ಒಂದೊಂದಾಗಿ. ಅರ್ಧಕ್ಕೆ ಬಂದರೂ ಉಸಿರು ಏರಿರಲಿಲ್ಲ. ತಿರುಗಿ ಕೆಳಗಿದ್ದ ಡಾಕ್ಟರಿಗೆ "ನೋಡಿದ್ಯಾ?" ಎಂದು ಕೇಳಿ ಮತ್ತೆ ಹತ್ತಿದರು.

ಇವರು ಎಲ್ಲವನ್ನೂ ಅಳೆದಿದ್ದರು, ಕಾಲಿನ ಅಭ್ಯಾಸವೊಂದನ್ನು ಬಿಟ್ಟು. ನಮ್ಮ ಕಾಲು ಹೊಸ ಮೆಟ್ಟಿಲಿಗೆ ಪಳಗಿತ್ತು, ಅವರದು ಫ್ರಾಕು ಹಾಕುವ ವಯಸ್ಸಿನಿಂದ ಹಳೆಯದಕ್ಕೆ ಪಳಗಿತ್ತು. ಹಳೆಯ ಮೆಟ್ಟಿಲು ಮುಗಿಯುತ್ತಿದ್ದ ಜಾಗ ಬಂದ ಕೂಡಲೇ ಜಡ್ಜಮ್ಮ ಇನ್ನು ಸಮ ನೆಲ ಎಂದು ಹೆಜ್ಜೆ ಹಾಕಿದರು. ಅಲ್ಲಿ ಇನ್ನೊಂದು ಮೆಟ್ಟಿಲಿತ್ತು. ಎಡವಿದರು. ಭಾರವೆಲ್ಲ ಛತ್ರಿಯ ಮೇಲೆ ಬಿತ್ತು, ಛತ್ರಿ ಬಿಲ್ಲಿನ ಹಾಗೆ ಬಾಗಿತು, ಅದರ ಜೊತೆಗೇ ಅವರೂ ನಿಧಾನವಾಗಿ ತಿರುಗಿ ಮೆಟ್ಟಿಲ ಮೇಲೆ ಕುಳಿತುಬಿಟ್ಟರು. ಅವರು ಸೆರಗು ಸರಿಮಾಡಿಕೊಂಡು, ಕುಳಿತುಕೊಳ್ಳಬೇಕೆಂದೇ ಬಂದವರ ಹಾಗೆ ಕೆರೆ ನೋಡಿದರು.

"ನಾನು ಹೇಳಿರಲಿಲ್ವಾ! ನಾನು ಹೇಳಿರಲಿಲ್ವಾ ಅತ್ತೆ!" ಎನ್ನುತ್ತಾ ಡಾಕ್ಟರು ಓಡಿ ಹತ್ತಿದರು. ಅವರೂ ಚಿಕ್ಕಂದಿನ ರಜೆಯೆಲ್ಲ ಇಲ್ಲೇ ಕಳೆದವರು. ಅದೇ ಮೆಟ್ಟಿಲು ಅವರ ಬೂಟಿಗೂ ಸಿಕ್ಕಿತು. ಎರಡು ಅಂಗೈಯೂರಿ ಅತ್ತೆಯ ಪಕ್ಕದಲ್ಲೇ ಬಿದ್ದರು. ಪ್ಯಾಂಟು ಮೊಣಕಾಲಿನಲ್ಲಿ ಹರಿಯಿತು.

"ಇಲ್ಲಿ ಮೆಟ್ಟಿಲು ಇರಲಿಲ್ಲ!" ಎಂದರು.

"ನಾನೂ ಹಾಗೇ ಅಂದ್ಕೊಂಡಿದ್ದೆ" ಎಂದರು ಜಡ್ಜಮ್ಮ.

ಡಾಕ್ಟರು ಎದ್ದು ಕೈ ಒರೆಸಿಕೊಂಡರು. "ಅದೆಲ್ಲ ಇರಲಿ. ಎದ್ದೇಳಿ ನೋಡೋಣ."

ಜಡ್ಜಮ್ಮ ಎದ್ದೇಳಲು ನೋಡಿದರು. ಮೆಟ್ಟಿಲು ತೀರಾ ತಗ್ಗು. ಹತ್ತುವುದಕ್ಕೆ ಸುಲಭವಾಗಲೆಂದು ತಗ್ಗಿಸಿದ್ದು, ಅದರ ಮೇಲೆ ಯಾರಾದರೂ ಕೂರುತ್ತಾರೆ ಎಂದು ಇವರಿಗೆ ಹೊಳೆದಿರಲಿಲ್ಲ. ಮತ್ತೊಮ್ಮೆ ನೋಡಿದರು. ಆಗಲಿಲ್ಲ. ಬಗ್ಗಿದ ಛತ್ರಿಯನ್ನು ತೊಡೆಯ ಮೇಲಿಟ್ಟುಕೊಂಡರು.

ಇವರು ಜಗಲಿಯಿಂದ ಇಳಿದು ಬಂದರು. "ತಪ್ಪು ಅಮ್ಮಂದಲ್ಲ ಸಾರ್, ನಂದು. ಮೆಟ್ಟಿಲು ನಾನೇ ಬದಲಾಯಿಸಿದೆ."

"ಯಾಕೆ?" ಎಂದರು ಡಾಕ್ಟರು. ಮೊದಲ ಸಲ ಉತ್ತರಕ್ಕೆ ಕಾದರು.

"ಕಲ್ಲು ಸಡಿಲ ಆಗಿತ್ತು ಸಾರ್."

"ಸಡಿಲ ಆದ್ರೆ ಕಲ್ಲು ಮರಿ ಹಾಕುತ್ತೇನ್ರೀ? ಇಷ್ಟೊಂದು ಮೆಟ್ಟಿಲು ಎಲ್ಲಿತ್ತು?"

ನಿಜ ಹೇಳಿದರೆ ಜಡ್ಜಮ್ಮನ ಮಾನ ಹೋಗುತ್ತದೆ, ಹೇಳದಿದ್ದರೆ ಜಡ್ಜಮ್ಮನೇ ಹೋಗುತ್ತಾರೆ. ನನಗೆ ಮೈಯೆಲ್ಲ ಉರಿಯಿತು. ಗಂಡಸರಿಬ್ಬರಿಗೂ ಸೇರಿಸಿ ನಾಲ್ಕು ಮಾತು ಹೇಳಲು ನಾನು ಬಾಯಿ ತೆರೆಯುವಷ್ಟರಲ್ಲಿ ಜಡ್ಜಮ್ಮ ಮಾತಾಡಿದರು.

"ನನಗೋಸ್ಕರ ಮಾಡಿದಾನೆ."

ಬಗ್ಗಿದ ಛತ್ರಿಯ ತುದಿಯನ್ನು ಇವರ ಕಡೆ ತಿರುಗಿಸಿದರು.

"ಮೊಳೆ ಇಳಿಸಿದ. ಹಲಗೆ ಇಳಿಸಿದ. ಮಂಚದ ಕೆಳಗೆ ತುಂಡು ಇಟ್ಟ. ಮನೆ ಇಷ್ಟು ಸಲ ಬಣ್ಣ ಕಂಡಿದ್ದು ಯಾಕೆ ಅಂತ ಗೊತ್ತಾಗದೆ ಇರೋಕೆ ನಾನೇನು ಕುರುಡೀನಾ? ಜೀವಮಾನ ಪೂರ್ತಿ ಸಾಕ್ಷಿ ನೋಡಿದೋಳು."

"ಅಮ್ಮಾ, ಮತ್ತೆ ಯಾಕೆ ಹೇಳಲಿಲ್ಲ?" ಎಂದರು ಇವರು.

"ಹೇಳಿದ್ರೆ ನೀನು ನಿಲ್ಲಿಸಿಬಿಡ್ತಿದ್ದೆ."

ಅಷ್ಟು ಹೇಳಿ ಜಡ್ಜಮ್ಮ ಬಲಗೈ ಮೇಲಕ್ಕೆತ್ತಿದರು. "ಕೈ ಕೊಡು."

ಇವರು ಅಲ್ಲೇ ನಿಂತರು. ಕೈ ಕೊಟ್ಟರೆ ಒಪ್ಪಂದ ಮುರಿಯಿತು, ಕಾರು ಕೆಳಗೇ ನಿಂತಿದೆ. "ಅಮ್ಮಾ, ಸಾರ್ ನೋಡ್ತಿದ್ದಾರೆ" ಎಂದರು ಮೆಲ್ಲಗೆ.

"ನೋಡ್ಲಿ. ಇಷ್ಟು ವರ್ಷ ಕದ್ದು ಕೊಟ್ಟೆ. ಇವತ್ತು ಎದುರಿಗೇ ಕೊಡು."

ಇವರು ಕೈ ಕೊಟ್ಟರು. ಜಡ್ಜಮ್ಮ ಅದನ್ನು ಹಿಡಿದು ಎದ್ದರು. ಎದ್ದ ಮೇಲೂ ಬಿಡಲಿಲ್ಲ, ಇನ್ನೊಂದು ಕೈಯಿಂದ ನನ್ನ ತೋಳನ್ನೂ ಹಿಡಿದುಕೊಂಡರು. ಮೂವರೂ ಜಗಲಿಗೆ ಹತ್ತಿದೆವು. ನನಗೆ ಅಳು ಬಂತು, ಒರೆಸಿಕೊಳ್ಳೋಣವೆಂದರೆ ಕೈ ಖಾಲಿಯಿರಲಿಲ್ಲ.

ಹಿಂದೆ ಡಾಕ್ಟರು ಕೆಳಗಿಳಿದು ಹೋಗುವ ಬೂಟಿನ ಸದ್ದು ಕೇಳಿಸಿತು. ಯಾರಿಗೂ ತಿರುಗಿ ನೋಡುವ ಧೈರ್ಯವಿರಲಿಲ್ಲ. ಜಡ್ಜಮ್ಮ ಹಿಡಿದಿದ್ದ ನನ್ನ ತೋಳು ನೋಯತೊಡಗಿತ್ತು. ಕಾರಿನ ಬಾಗಿಲು ತೆರೆಯಿತು, ಮುಚ್ಚಿತು. ಆಮೇಲೆ ಡಿಕ್ಕಿ ತೆರೆದ ಸದ್ದು ಬಂತು. ಡಾಕ್ಟರು ಎರಡೂ ಕೈಯಲ್ಲಿ ಅತ್ತೆಯ ಪೆಟ್ಟಿಗೆಗಳನ್ನು ಹಿಡಿದುಕೊಂಡು, ನೆಲವನ್ನೇ ನೋಡುತ್ತಾ, ಒಂದೊಂದೇ ಮೆಟ್ಟಿಲು ಹತ್ತಿ ಬಂದರು.