ಚುಕ್ಕೆ ಗೆರೆಯ ಚೌಕ

ನಕ್ಷೆಯಲ್ಲಿ ಗಟ್ಟಿ ಗೆರೆ ಎಂದರೆ ಈಗ ಕಟ್ಟುವುದು, ಚುಕ್ಕೆ ಗೆರೆ ಎಂದರೆ ಮುಂದೆ ಯಾವತ್ತೋ ಕಟ್ಟುವುದು. ಗಂಡನಿಗೆ ಓಝರಿನ ವಿಮಾನ ಕಾರ್ಖಾನೆಯಲ್ಲಿ ಕೆಲಸವಾದಾಗ ಧಾರವಾಡದಿಂದ ನಾಶಿಕಕ್ಕೆ ಬಂದ ಆರ್ಕಿಟೆಕ್ಟ್ ನಾನು. ಸಂಭಾಜಿನಗರದ ಕಡೆಯ ಅಭಯಾರಣ್ಯವೊಂದಕ್ಕೆ ಪ್ರವಾಸಿಗರ ವೀಕ್ಷಣಾ ಕಟ್ಟೆ, ಅದರ ಪಕ್ಕಕ್ಕೆ ಕಾವಲಿನವರ ಚೌಕಿ ಬರೆಯುವ ಕೆಲಸ ಸಿಕ್ಕಿತ್ತು. ಹಣ ಸಾಲದು, ಏನಾದರೂ ಒಂದನ್ನು ಕೈಬಿಡಿ ಎಂದರು ಅರಣ್ಯ ಇಲಾಖೆಯವರು. ಕಟ್ಟೆಯ ಕಲ್ಲಿನ ಕಮಾನು ಬಿಡಲು ನನಗೆ ಮನಸ್ಸಾಗಲಿಲ್ಲ. ಚೌಕಿಯ ಶೌಚಾಲಯವನ್ನು ಚುಕ್ಕೆ ಗೆರೆಗೆ ಇಳಿಸಿದೆ. ಅದೂ ಪ್ರವಾಸಿಗರ ಕಣ್ಣಿಗೆ ಬೀಳಬಾರದೆಂದು ಲಂಟಾನ ಪೊದೆಗಳ ಹಿಂದೆ. ಯಾರೂ ನನ್ನ ಕೈ ಹಿಡಿದು ಬರೆಸಲಿಲ್ಲ.

ಚೌಕಿಗೆ ಬಂದ ವನರಕ್ಷಕಿ ಅಕ್ಕಲಕೋಟೆ ಕಡೆಯವಳು, ಮೂವತ್ತು ದಾಟಿರಲಿಲ್ಲ. ಮನ್ಮಾಡ್ ದಾಟಿ ಅಷ್ಟು ದೂರ ಹೋದ ನನಗೆ ಅಲ್ಲಿ ಕನ್ನಡ ಕೇಳಿ ಖುಷಿಯಾಯಿತು. ಗೋಡೆಗೆ ಅಂಟಿಸಿದ್ದ ನಕ್ಷೆಯ ಮೇಲೆ ಆಕೆ ಬೆರಳಿಟ್ಟಳು.

"ಅಕ್ಕಾರ, ಇದೇನ್ರಿ ಚುಕ್ಕಿ ಚುಕ್ಕಿ?"

"ನಿಮ್ಮ ಸಂಡಾಸ್ ರೀ. ಮುಂದಿನ ಹಂತದಾಗ ಕಟ್ತೀವಿ."

"ಅಂದ್ರ ಜಾಗಾ ಪಕ್ಕಾ ಆತಲ್ರಿ?"

"ಪಕ್ಕಾ," ಎಂದೆ. ಇಬ್ಬರೂ ನಕ್ಕೆವು.

ಆಮೇಲೆ ಫೋನಿನಲ್ಲಿ ಸಿಕ್ಕಾಗಲೆಲ್ಲ, "ಚುಕ್ಕಿ ಇನ್ನೂ ಗೆರಿ ಆಗಿಲ್ರಿ ಅಕ್ಕಾರ," ಎಂದು ಕಾಲೆಳೆಯುತ್ತಿದ್ದಳು. ನೋಡೋಣ ಎನ್ನುತ್ತಿದ್ದೆ. ಎರಡು ಮಳೆಗಾಲ ಕಳೆದರೂ ಮೇಲಿನವರಿಗೆ ಒಂದು ಪತ್ರ ಬರೆಯಲಿಲ್ಲ. ಕಮಾನಿನ ಫೋಟೋಗಳನ್ನು ಮಾತ್ರ ಸಿಕ್ಕಸಿಕ್ಕವರಿಗೆಲ್ಲ ತೋರಿಸಿಕೊಂಡು ತಿರುಗಿದೆ. ನಾಚಿಕೆಯಾಗಬೇಕು ನನಗೆ.

ಚಳಿಗಾಲದ ಒಂದು ಬೆಳಿಗ್ಗೆ, ಬೆಳಕು ಹರಿದ ಮೇಲೆ, ಆ ಲಂಟಾನ ಪೊದೆಗಳ ಹಿಂದೆ ಬಹಿರ್ದೆಸೆಗೆ ಕೂತಿದ್ದ ಆಕೆಯ ಕುತ್ತಿಗೆಗೆ ಚಿರತೆ ಬಾಯಿ ಹಾಕಿತು. ಜೊತೆಯ ಕಾವಲುಗಾರ ಕೂಗುತ್ತ ಓಡಿ ಬರುವಷ್ಟರಲ್ಲಿ ಜೀವ ಹೋಗಿತ್ತು.

ಮರುದಿನ ನಾನು ಹೋದಾಗ ಅಲ್ಲಿ ಸೇರಿದವರೆಲ್ಲ ಚಿರತೆಯನ್ನು ಬೈಯುತ್ತಿದ್ದರು. ಅದು ತನ್ನ ಕಾಡಿನಲ್ಲಿತ್ತು, ಅದನ್ನೇಕೆ ಬೈಯಬೇಕು. ನನಗೆ ತಿಳಿಯದ್ದು ಒಂದೇ. ಚೌಕಿಯ ಮುಂದೆ ಬೇಕಾದಷ್ಟು ಬಯಲಿದೆ, ಮರೆಗೆ ಒಂದೆರಡು ಬಂಡೆಗಳೂ ಇವೆ, ಅಲ್ಲಿ ಪ್ರಾಣಿ ಬಂದರೆ ದೂರದಿಂದಲೇ ಕಾಣುತ್ತದೆ. ಕಾಡು ಬಲ್ಲ ಹೆಣ್ಣುಮಗಳು ಈ ಪೊದೆಯ ಹಿಂದೆ ಯಾಕೆ ಬಂದಳು?

ಕಾವಲುಗಾರ ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋದ. ನೆಲದ ಮೇಲೆ ನಾಲ್ಕು ಮೂಲೆಗೆ ನಾಲ್ಕು ಕಲ್ಲುಗಳಿದ್ದವು, ಸುಣ್ಣ ಬಳಿದಿತ್ತು. ಗೋಡೆಯ ನಕ್ಷೆ ನೋಡಿ, ಹೆಜ್ಜೆ ಹಾಕಿ ಅಳೆದು ಆಕೆಯೇ ಇಟ್ಟದ್ದು ಎಂದು ಮರಾಠಿಯಲ್ಲಿ ಹೇಳಿದ. ಇದು ನನ್ನ ಜಾಗ, ನಕ್ಷೆಯಲ್ಲಿ ಬರೆದಿದ್ದಾರೆ, ಈ ಕಡೆ ಯಾರೂ ಬರಬೇಡಿ ಎಂದು ಗಂಡಸರಿಗೆಲ್ಲ ತಾಕೀತು ಮಾಡಿದ್ದಳಂತೆ.

ಚೀಲದಿಂದ ಟೇಪು ತೆಗೆದು ಕುಕ್ಕರುಗಾಲಿನಲ್ಲಿ ಕೂತು ಅಳೆದೆ. ನಾಲ್ಕಡಿ ಉದ್ದ, ನಾಲ್ಕಡಿ ಅಗಲ. ನಾನು ಬರೆದಷ್ಟೇ ಇತ್ತು.